ಬಲಮೂಲೆಯ ಸಹಿ

—ಅಥವಾ ಚಾಚಾ ಕೇಳುವ ಮೊದಲೇ ನಾನು ಸುಳ್ಳು ಹೇಳಿಬಿಟ್ಟೆನೋ? ಯಾವುದು ಮೊದಲು, ಯಾವುದು ನಂತರ, ಈಗ ಖಚಿತವಿಲ್ಲ. ಖಚಿತವಾಗಿರುವುದು ಇಷ್ಟೇ: ನನ್ನ ಹೆಸರಿನಲ್ಲಿ ಹೊರಬಂದ ಕನ್ನಡದ ಬ್ರಷ್ ಫಾಂಟು ನನ್ನದಲ್ಲ. ಅದು ಖಾದರ್ ಚಾಚಾ ಅವರ ಕೈಬರಹ. ನಾನು ಕದ್ದೆ.

ಚಾಚಾ ಹುಬ್ಬಳ್ಳಿಯಲ್ಲಿ ಜೀವನವಿಡೀ ಅಂಗಡಿಗಳ ಬೋರ್ಡು ಬರೆದವರು. ಅವರ ಮಗಳು ಶಬಾನಾ ಅಮೆರಿಕದ ಯೂನಿಯನ್ ಸಿಟಿಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿದ್ದಾಳೆ. ಅವಳ ಬಳಿ ಆರು ತಿಂಗಳಿಗೆಂದು ಬಂದಿದ್ದರು. ನಾನು ಕಂಪ್ಯೂಟರಿಗೆ ಅಕ್ಷರಗಳ ಫಾಂಟು ಮಾಡುವವಳು. ಕುಂಚದ ಕನ್ನಡ ನನ್ನ ಕೈಗೆ ಒಲಿದಿರಲಿಲ್ಲ. “ಭಾನುವಾರದ ಕನ್ನಡ ಕ್ಲಾಸಿನ ಮಕ್ಕಳಿಗೆ ತೋರಿಸಬೇಕು, ಎಲ್ಲ ಅಕ್ಷರ ಬರೆದುಕೊಡಿ ಚಾಚಾ” ಎಂದೆ. ಆ ಮಕ್ಕಳು — ಅದೂ ಸುಳ್ಳು.

ಗ್ರೋಸರಿ ಅಂಗಡಿಯ ಕಂದು ಕಾಗದದ ಚೀಲಗಳನ್ನು ಬಿಡಿಸಿ, ಬಾಲ್ಕನಿಯಲ್ಲಿ ಕೂತು ಬರೆದರು. ತಲೆಕಟ್ಟು ದಪ್ಪ, ಬಾಲದಲ್ಲಿ ಬಣ್ಣ ತೀರುತ್ತ ಬಂದ ಒಣ ಎಳೆಗಳು. “ಬ್ರಷ್ ಅಕ್ಷರ ದೂರಿಂದ ಕರೀಬೇಕವ್ವಾ. ಅಂಗಡಿ ಹೆಸರಿಗೆ ಹಾಕು, ಲಗ್ನಪತ್ರಿಕಿ ಮ್ಯಾಲೆ ಹಾಕು. ವಿಳಾಸ, ಫೋನ್ ನಂಬರ್ ಇದರಾಗ ಬರದಿ ಅಂದ್ರ ಗಿರಾಕಿ ದಾರಿ ತಪ್ಪತಾನ.” ಕುಂಚದಿಂದ ಒಂದು ಕೂದಲು ಹೊರಚಾಚಿತ್ತು; ‘ಕ’ದ ಪಕ್ಕ ಸಣ್ಣ ಗೀರು ಬಿತ್ತು. ಹೊಸದು ತರಲೇ ಎಂದೆ. “ಬ್ಯಾಡ. ಇದಕ್ಕ ನನ್ನ ಕೈ ಗೊತ್ತೈತಿ.”

ಕೊನೆಯ ಹಾಳೆಯ ಬಲಮೂಲೆಯಲ್ಲಿ, ಬೋರ್ಡು ಬರೆಯುವವರ ರೂಢಿಯಂತೆ, ಸಣ್ಣದಾಗಿ ‘ಖಾದರ್, ಹುಬ್ಬಳ್ಳಿ’ ಎಂದು ಬರೆದರು. ಸ್ಕ್ಯಾನ್ ಮಾಡಿ ಆ ಮೂಲೆಯನ್ನು ಕತ್ತರಿಸಿದೆ. ಕೈ ತಡೆಯಿತು ಎಂದು ಬರೆಯುವ ಆಸೆ — ತಡೆಯಿತೇ? ಇಲ್ಲವೆಂದೇ ತೋರುತ್ತದೆ. ಚೀಲಗಳು ಕಸಕ್ಕೆ ಹೋದವು.

ಅವರು ಊರಿಗೆ ಹೊರಡುವ ವಾರ ಇಬ್ಬರೂ ಗ್ರೋಸರಿಗೆ ನಡೆದು ಹೋದೆವು. ಗಾಜಿನ ಮೇಲೆ ಹೊಸ ಟಿಫಿನ್ ಅಂಗಡಿಯ ಪೋಸ್ಟರು. ಹೆಸರು, ತಿಂಡಿಗಳ ಪಟ್ಟಿ, ಫೋನ್ ನಂಬರು, ಎಲ್ಲವೂ ನನ್ನ ಫಾಂಟಿನಲ್ಲಿ. ನಂಬರು ಓದಲಾಗುತ್ತಿರಲಿಲ್ಲ. ಅಲ್ಲಿದ್ದ ಒಂದೊಂದು ‘ಕ’ದ ಪಕ್ಕದಲ್ಲೂ ಅದೇ ಗೀರು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಚಾಚಾ ಗಾಜಿಗೆ ಬೆರಳಿಟ್ಟರು.

“ಇದು ಯಾರ ಕೈ ಯವ್ವಾ?”

“ಯಾರದ್ದೂ ಅಲ್ಲ ಚಾಚಾ. ಕಂಪ್ಯೂಟರಿಂದು.”

“ಹೌದನು? ಪಾಪ, ಅದಕ್ಕೂ ಹಳೇ ಬ್ರಷ್ಷೇ ಗತಿ ನೋಡು.”

ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಮೊಣಕಾಲು ಹಿಡಿದುಕೊಂಡು ಬಗ್ಗಿ, ಪೋಸ್ಟರಿನ ಬಲಮೂಲೆಯನ್ನು ನೋಡಿದರು. ಅಲ್ಲಿ ಏನೂ ಇರಲಿಲ್ಲ. ದಾರಿಯುದ್ದಕ್ಕೂ ಅಕ್ಷರದ ಮಾತು ಮತ್ತೆ ಬರಲಿಲ್ಲ — ಬಂತೇನೋ, ನನಗೆ ಬೇಡವಾಗಿ ಮರೆತಿದ್ದೇನೋ.

ಚಾಚಾ ಈಗಿಲ್ಲ. ಕಳೆದ ವಾರ ಫಾಂಟಿನ ಪುಟದಿಂದ ನನ್ನ ಹೆಸರು ತೆಗೆದು ಅವರ ಹೆಸರು ಹಾಕಿದೆ. ಸಹಿ ಉಳಿದಿಲ್ಲ; ಟೈಪ್ ಮಾಡಬೇಕಾಯಿತು. ನಂತರ ಕೆಳಗಿಳಿದು ಶಬಾನಾಗೆ ಎಲ್ಲ ಹೇಳಿದೆ. ಅವಳು ಒಂದೇ ಮಾತು ಕೇಳಿದಳು: “ಅಬ್ಬಾಗೆ ಗೊತ್ತಾಗಿತ್ತಾ?”

ಗೊತ್ತಿಲ್ಲ ಎಂದೆ. ನನಗೆ ನಿಜವಾಗಿ ಗೊತ್ತಿಲ್ಲ.