ವಿಶಾಲಾಕ್ಷಿ ಮೇಡಂ ನೆನೆಸಿಟ್ಟ ರಿಂಗುಗಳು

ವಿಶಾಲಾಕ್ಷಿ ಮೇಡಂ ಅವರದು ಅಸಾಧ್ಯ ಮೂಗು. ಮಹಡಿಯ ಮೇಲೆ ಕೂತೇ ನಮ್ಮ ಮನೆಯ ಸಾರಿಗೆ ಇಂಗು ಬಿದ್ದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದರು. ಬನಶಂಕರಿ ಎರಡನೇ ಹಂತದಲ್ಲಿ ಅವರ ಮನೆಯ ಕೆಳಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಹಾಲಿನವನು ಕೂಡ ಅವರೆದುರು ತನ್ನ ಹಾಲನ್ನು ಹೊಗಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆ ಮೂಗಿಗೆ ನನ್ನ ಬೈಕು ಸಿಕ್ಕಿಬಿತ್ತು. ಅಪ್ಪ ಬಿಟ್ಟುಹೋದ ಹಳೆಯ ಟೂ-ಸ್ಟ್ರೋಕ್ ಗಾಡಿ ಅದು. ಪೆಟ್ರೋಲಿಗೆ ಎಥೆನಾಲ್ ಬೆರೆಸುವುದು ಹೆಚ್ಚಾದ ಮೇಲೆ ಅದರ ಕಾರ್ಬುರೇಟರ್ ಸೋರತೊಡಗಿತ್ತು. ಮೇಡಂ ಮೆಟ್ಟಿಲಿಳಿದು ಬಂದು ಒದ್ದೆ ನೆಲ ನೋಡಿದರು. ಒಂದೋ ಸೋರುವುದು ನಿಲ್ಲಬೇಕು, ಇಲ್ಲವೇ ಗಾಡಿ ಕಾಂಪೌಂಡ್ ಬಿಡಬೇಕು ಎಂದರು. ಅದನ್ನು ಬೀದಿಗೆ ಬಿಡುವುದೆಂದರೆ ನನಗೆ ಅಪ್ಪನನ್ನೇ ಹೊರಹಾಕಿದಂತೆ.

ಹೊಸಕೆರೆಹಳ್ಳಿಯ ಮೆಕ್ಯಾನಿಕ್ ಮುನಿರಾಜು ಆಗಲೇ ಮೂರು ಸಲ ಸೀಲು ಬದಲಾಯಿಸಿದ್ದ. ಕಾರ್ಬುರೇಟರಿನ ಕೆಳಗಿನ ಬಟ್ಟಲು ಸೋರದಂತೆ ಹಿಡಿಯುವ, ಸಣ್ಣ ಬಳೆಯಂಥ ರಬ್ಬರ್ ರಿಂಗು. ಹಾಕುವಾಗ ಸರಿಯಾಗಿಯೇ ಕೂರುತ್ತಿತ್ತು; ತಿಂಗಳು ಬಿಟ್ಟು ಬಿಚ್ಚಿದರೆ ಊದಿಕೊಂಡು ಅದರ ಜಾಗದಲ್ಲೇ ಹಿಡಿಸುತ್ತಿರಲಿಲ್ಲ. ಪೊಟ್ಟಣದ ಮೇಲೆ ಒರಿಜಿನಲ್ ಎಂದೇ ಇದೆಯಲ್ಲ ಎಂದು ಮುನಿರಾಜು ವಾದಿಸಿದ.

"ಪೊಟ್ಟಣ ಒರಿಜಿನಲ್ ಇರ್ಬೋದು ಮುನಿರಾಜು," ಎಂದರು ಮೇಡಂ. "ಒಳಗಿರೋದನ್ನ ನೆನೆಸಿ ನೋಡೋಣ."

ಮೂರು ರಿಂಗು ಸೇರಿಸಿದರು. ಮುನಿರಾಜುವಿನದೊಂದು, ನಾನು ವರ್ಷಗಟ್ಟಲೆ ಜೋಪಾನವಾಗಿಟ್ಟಿದ್ದ ಹಳೆಯದೊಂದು. ಮೂರನೆಯದು ಎಥೆನಾಲಿಗೂ ಜಗ್ಗದು ಎನ್ನುವ ಫ್ಲೋರೋ ರಬ್ಬರಿನದು. ಕಾರ್ಖಾನೆಗಳಿಗೆ ಸೀಲು ಮಾರುವ ಬೊಮ್ಮನಹಳ್ಳಿಯ ಅಂಗಡಿಯಿಂದ ಮೇಡಂ ಬಸ್ಸಿನಲ್ಲಿ ಹೋಗಿ ತಂದದ್ದು. ಪ್ರತಿಯೊಂದನ್ನೂ ಅಳೆದು, ಬಂಕಿನ ಪೆಟ್ರೋಲು ತುಂಬಿದ ಮೂರು ಗಾಜಿನ ಬಾಟಲಿಯಲ್ಲಿ ಮುಳುಗಿಸಿ, ತಾರಸಿಯ ನೆರಳಲ್ಲಿಟ್ಟರು. ಮೈಸೂರಿನಿಂದ ಅವರ ತಂಗಿ ಬರುವವರಿದ್ದರು. ಅದಕ್ಕಾಗಿ ಬಾಟಲಿಗಳ ಮೇಲೆ "ಉಪ್ಪಿನಕಾಯಿ ಅಲ್ಲ" ಎಂಬ ಚೀಟಿ ಬೇರೆ. ನನ್ನ ಹೆಂಡತಿಯ ಹಪ್ಪಳಗಳು ಹದಿನೈದು ದಿನ ಪಕ್ಕದ ಮನೆಯ ತಾರಸಿಗೆ ವಲಸೆ ಹೋದವು. ಮುನಿರಾಜು ಎರಡು ದಿನಕ್ಕೊಮ್ಮೆ ಚೈನು ನೋಡುವ ನೆಪದಲ್ಲಿ ಬಂದು ತಾರಸಿ ಹತ್ತುತ್ತಿದ್ದ.

ಹದಿನಾರನೆಯ ದಿನ ಹಳೇ ಪೇಪರ್ ಹರಡಿ ರಿಂಗುಗಳನ್ನು ಹೊರತೆಗೆದೆವು. ಮುನಿರಾಜುವಿನದು ಉದ್ದಿನ ವಡೆಯಂತೆ ಊದಿತ್ತು. ನನ್ನ ಹಳೆಯ ನಿಧಿ ಬಾಗಿಸಿದೊಡನೆ ಬಿರುಕು ಬಿಟ್ಟಿತು. ಬೊಮ್ಮನಹಳ್ಳಿಯದು ಮಾತ್ರ ಹೋದ ಹಾಗೇ ವಾಪಸ್ ಬಂದಿತ್ತು. ಮೇಡಂ ಊದಿದ್ದನ್ನು ಎರಡು ದಿನ ಒಣಗಲು ಬಿಟ್ಟು ಮತ್ತೆ ಅಳೆದರು. ಈಗ ಅದು ಮೊದಲಿಗಿಂತಲೂ ಚಿಕ್ಕದು. ಗಾಡಿ ನಾಲ್ಕು ದಿನ ನಿಂತು ಬಟ್ಟಲು ಒಣಗಿದರೆ ರಿಂಗು ಕುಗ್ಗುತ್ತದೆ, ಮತ್ತೆ ಪೆಟ್ರೋಲು ಬಿಟ್ಟಾಗ ಸೋರುತ್ತದೆ ಎಂದು ಆಗ ತಿಳಿಯಿತು.

ಮುನಿರಾಜು ತಲೆ ತಗ್ಗಿಸಿ ನಿಂತಿದ್ದ. ಮೇಡಂ ಅವನ ಕೈಗೆ ಕಾಫಿ ಕೊಟ್ಟು, "ನಿಮ್ ಕೆಲ್ಸದಲ್ಲಿ ತಪ್ಪಿಲ್ಲ. ರಬ್ಬರ್ ಸರಿ ಇರ್ಲಿಲ್ಲ, ಅಷ್ಟೇ," ಎಂದರು. ಅವನು ಅಂಗಡಿಯ ವಿಳಾಸ ಬರೆದುಕೊಂಡ. ಆಮೇಲೆ ಅವನ ಗ್ಯಾರೇಜಿನ ಕಿಟಕಿಯಲ್ಲೂ ಬಾಟಲಿಗಳು ಕಾಣಿಸಿಕೊಂಡವು; ಹಳೇ ಗಾಡಿಯವರು ಬಂದರೆ ಅವನೂ ಥೇಟ್ ಲೆಕ್ಚರರ್. ಬೊಮ್ಮನಹಳ್ಳಿಯ ರಿಂಗು ಕೂರಿಸಿದ ಮೇಲೆ ಸೋರುವುದು ನಿಂತಿತು, ಗಾಡಿ ಕಾಂಪೌಂಡಿನಲ್ಲೇ ಉಳಿಯಿತು.

ಎರಡು ವರ್ಷದ ನಂತರ ಮಂಡಿನೋವಿಗೆ ಮೆಟ್ಟಿಲು ಹತ್ತಲಾಗದೆ, ಮೇಡಂ ಮೈಸೂರಿನ ತಂಗಿಯ ಮನೆಗೆ ಹೊರಟರು. ಹೊರಡುವ ಹಿಂದಿನ ಸಂಜೆ, ಬೈಕಿನಲ್ಲಿ ಒಂದು ಸುತ್ತು ಕರೆದೊಯ್ಯುತ್ತೀಯಾ ಎಂದು ಕೇಳಿದರು. ಜಗಲಿಯ ಮೇಲೆ ನಿಂತು, ನನ್ನ ಹೆಂಡತಿಯ ಭುಜ ಹಿಡಿದು, ಅಂತೂ ಹಿಂದೆ ಕೂತರು. ಜಯನಗರದಲ್ಲಿ ಅವರ ಕಾಲೇಜಿನ ಗೇಟು ಕಂಡಾಗ ನಾನು ವೇಗ ತಗ್ಗಿಸಿದೆ. ಅವರ ಕೈ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು.

"ನಿಲ್ಲಿಸ್ಬೇಡ ಕಣೋ. ನಿಂತ್ರೆ ಅಳು ಬರತ್ತೆ. ಹೋಗ್ತಾ ಇರು."

ನಾನು ನಿಲ್ಲಿಸಲಿಲ್ಲ. ಮುಂದಿನ ತಿರುವು ದಾಟಿದ ಮೇಲೆ, ಇನ್ನೊಂದು ಸಲ ಅದೇ ರಸ್ತೆಯಲ್ಲಿ ಹೋಗೋಣವೇ ಎಂದು ಅವರೇ ಕೇಳಿದರು. ಕತ್ತಲಾಗುವವರೆಗೂ ಆ ಗೇಟಿನ ಮುಂದೆ ನಾಲ್ಕು ಸಲ ಹಾದುಹೋದೆವು.