ಒಳಗೆ ತಿರುಗಿಸಿದ ಅಂಚು

ಮಡಂತ್ಯಾರಿನ ರಸ್ತೆ ಬದಿಯಲ್ಲಿ ಮೂವತ್ತು ವರ್ಷಗಳಿಂದ ಟಯರಿಗೆ ಗಾಳಿ ಹಾಕುತ್ತಿದ್ದೇನೆ. ಗಾಳಿ ಕಡಿಮೆಯಿದ್ದರೆ ಟಯರಿನ ಎರಡೂ ಅಂಚು ಸವೆಯುತ್ತವೆ, ಹೆಚ್ಚಿದ್ದರೆ ನಡುಭಾಗ. ಒಂದೇ ಅಂಚು ಸವೆದಿದ್ದರೆ ಚಕ್ರ ನೇರವಿಲ್ಲ ಎಂದರ್ಥ. ಇದನ್ನೆಲ್ಲ ತಿಳಿದೇ ನಾನು ತಪ್ಪು ಮಾಡಿದೆ.

ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವನೊಬ್ಬ ಬಾಡಿಗೆ ಕಾರು ಓಡಿಸುತ್ತಿದ್ದ. ಎರಡೂವರೆ ವರ್ಷಗಳ ಹಿಂದೆ ಅವನ ಕಾರು ಗುಂಡಿಗೆ ಬಿದ್ದು ಒಂದು ಬದಿಗೆ ಎಳೆಯತೊಡಗಿತು.

"ಮೂಡಬಿದ್ರೆಗೆ ಹೋಗಿ ಮಿಷನ್‌ನಲ್ಲಿ ಅಲೈನ್‌ಮೆಂಟ್ ಮಾಡಿಸ್ಬೇಕಾ?" ಎಂದು ಕೇಳಿದ.

"ಮಿಷನ್ ಬರುವ ಮೊದಲು ಕಾರು ಓಡ್ತಿರ್ಲಿಲ್ವಾ ಮಾರಾಯ? ನಾನು ದಾರ ಕಟ್ಟಿ ಮಾಡಿ ಕೊಡ್ತೇನೆ."

ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಬಿಗಿದು, ಕಣ್ಣಳತೆಯಲ್ಲಿ ಚಕ್ರ ನೇರ ಮಾಡಿದೆ. ಹಳೆಯ ಜೀಪುಗಳಿಗೆಲ್ಲ ಹೀಗೆಯೇ ಮಾಡುತ್ತಿದ್ದೆವು. ಆದರೆ ಆಗಲೇ ನನ್ನ ಬಲಗಣ್ಣಿಗೆ ಪೊರೆ ಬಂದಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮೂರು ತಿಂಗಳ ನಂತರ ಅವನು ಹೆಂಡತಿಯೊಂದಿಗೆ ಬಂದ. ಚಾರ್ಮಾಡಿ ಘಾಟಿ ಹತ್ತಿ ಅವಳ ಅಕ್ಕನ ಮನೆಗೆ ಹೊರಟಿದ್ದರು. ಇಬ್ಬರೂ ಪಕ್ಕದ ಹೋಟೆಲಿಗೆ ಚಾ ಕುಡಿಯಲು ಹೋದಾಗ ನಾನು ಟಯರು ನೋಡಿದೆ. ಎಡಗಡೆಯ ಮುಂದಿನ ಟಯರಿನ ಹೊರ ಅಂಚು ಸವೆದು ರಬ್ಬರಿನೊಳಗಿನ ನೂಲು ಕಾಣುತ್ತಿತ್ತು. ನನ್ನ ದಾರದ ಕೆಲಸ ಅದು.

ಸ್ಟೆಪ್ನಿ ಹಾಕಬಹುದಿತ್ತು. ಹಾಕಿದರೆ ಯಾಕೆಂದು ಕೇಳುತ್ತಿದ್ದ. ಟಯರನ್ನು ರಿಮ್ಮಿನಿಂದ ಬಿಚ್ಚಿ, ಸವೆದ ಅಂಚು ಒಳಗೆ ಹೋಗುವಂತೆ ತಿರುಗಿಸಿ ಹಾಕಿದೆ. ಹೊರಗಿನಿಂದ ಹೊಸತರಂತೆ ಕಂಡಿತು.

ಅವನು ಬಂದು, "ಮಳೆ ಉಂಟು, ಘಾಟಿ ಉಂಟು. ಗಾಳಿ ಸ್ವಲ್ಪ ಕಡಿಮೆ ಮಾಡು, ಗ್ರಿಪ್ ಸಿಗ್ತದೆ" ಎಂದ. ನಮ್ಮ ಕಡೆಯ ಡ್ರೈವರುಗಳ ತಪ್ಪು ನಂಬಿಕೆ ಅದು. ಬೇರೆ ದಿನವಾದರೆ ಬೈಯುತ್ತಿದ್ದೆ. ಅಂದು ಸುಮ್ಮನೆ ಗಾಳಿ ಬಿಟ್ಟೆ.

"ಬೇಗ ಮಾಡಿ. ಇವ್ರಿಗೆ ಇನ್ನೊಂದು ಚಾ ನೆನಪಾಗ್ತದೆ" ಎಂದು ಅವನ ಹೆಂಡತಿ ನಗುತ್ತ ಕಾರು ಹತ್ತಿದಳು.

ಘಾಟಿಯ ತಿರುವಿನಲ್ಲಿ ಆ ಟಯರು ಒಡೆಯಿತು. ಕಾರು ಬಂಡೆಗೆ ಹೊಡೆಯಿತು. ಅವಳು ಉಳಿಯಲಿಲ್ಲ.

ಪೊಲೀಸರು ಬಿಟ್ಟುಕೊಟ್ಟ ಕಾರು ನನ್ನ ಅಂಗಡಿಗೇ ಬಂತು. ಒಡೆದ ಟಯರನ್ನು ಅದೇ ದಿನ ತುಂಡು ಮಾಡಿ ಗುಜರಿಗೆ ಹಾಕಿದೆ.

"ಗಾಳಿ ಕಡಿಮೆ ಮಾಡಿಸಿದ್ದು ನಾನೇ ಅಲ್ವಾ? ನಾನೇ ಕೊಂದೆ" ಎಂದು ಅವನು ಸಿಕ್ಕಿದಾಗಲೆಲ್ಲ ಹೇಳುತ್ತಿದ್ದ. ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ. ನಾನು ಎರಡು ವರ್ಷ ಬಾಯಿ ಬಿಡಲಿಲ್ಲ.

ಹೋದ ವಾರ ಬಸ್ಸು ಹಿಡಿದು ವೇಣೂರಿನ ಅವನ ಮನೆಗೆ ಹೋದೆ. ದಾರ, ಕಣ್ಣಿನ ಪೊರೆ, ಒಳಗೆ ತಿರುಗಿಸಿದ ಅಂಚು, ಎಲ್ಲವನ್ನೂ ಹೇಳಿದೆ. ಅವನು ಕೊನೆಯವರೆಗೂ ಕೇಳಿ ನನ್ನ ಮೊಣಕಾಲ ಮೇಲೆ ಕೈಯಿಟ್ಟ.

"ನನ್ನ ಸಮಾಧಾನಕ್ಕೆ ಇಷ್ಟು ದೊಡ್ಡ ಸುಳ್ಳು ಹೇಳ್ತೀಯಲ್ಲ ಮಾರಾಯ."

"ಸುಳ್ಳಲ್ಲ."

"ಹಾಗಾದ್ರೆ ಟಯರು ಎಲ್ಲುಂಟು, ತೋರ್ಸು."

"ಅದು ಗುಜರಿಗೆ ಹೋಯ್ತು."

"ಹೀಗೆಲ್ಲ ಹೊರಗೆ ಹೇಳ್ಬೇಡ. ನಿನ್ನ ಅಂಗಡಿಗೆ ಯಾರೂ ಬರ್ಲಿಕ್ಕಿಲ್ಲ" ಎಂದು ಒಳಗೆ ಹೋಗಿ, ತಾನೇ ಚಾ ಮಾಡಿ ತಂದ. ಸಕ್ಕರೆ ಹಾಕಲು ಮರೆತಿದ್ದ. ನಾನು ಕುಡಿದೆ.

ನಿನ್ನೆ ಇಬ್ಬರು ಕಾರು ತಂದು ನಿಲ್ಲಿಸಿದರು. ಘಾಟಿಗೆ ಹೊರಟಿದ್ದರಂತೆ. ಗಾಳಿಯನ್ನು ನನ್ನ ಕೈಯಲ್ಲೇ ನೋಡಿಸಬೇಕೆಂದು ವೇಣೂರಿನಿಂದ ಅವನೇ ಹೇಳಿ ಕಳುಹಿಸಿದ್ದನಂತೆ.