ಒಂದು ಚಮಚದ ಪರೀಕ್ಷೆ

ಅಂಗಿಗಳಿಗೆ ಗುಂಡಿ ಹೊಲಿಯುವ ಆ ಹೆಂಗಸಿಗೆ ಕಡಲೆಬೀಜ ಆಗಿಬರುವುದಿಲ್ಲ. ಒಂದು ಬೀಜ ಹೊಟ್ಟೆಗೆ ಹೋದರೂ ಗಂಟಲು ಬಾತು ಉಸಿರು ಕಟ್ಟುತ್ತದೆ. ಹೊಲಿಗೆ ಕಾರ್ಖಾನೆಯಲ್ಲಿ ಎಂಟು ವರ್ಷದಿಂದ ಬಾಯಿ ಬಡಿದುಕೊಂಡು ಹೇಳುತ್ತಿದ್ದಾಳೆ. ಕಿವಿಗೆ ಹಾಕಿಕೊಂಡವರು ಯಾರು? ಮಧ್ಯಾಹ್ನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಡಬ್ಬಿಗಳು ಸುತ್ತು ಹೊಡೆಯುತ್ತವೆ. ಪ್ರತಿ ಡಬ್ಬಿಯಿಂದಲೂ ಎಲ್ಲರೂ ಒಂದು ಚಮಚ ತಿನ್ನಲೇಬೇಕು. ಇವಳು ಬೇಡ ಎಂದರೆ, ಇವಳದು ದಪ್ಪ ಮೈ ನೋಡಿ, ಅದು ತೂಕ ಇಳಿಸುವ ನಾಟಕವಂತೆ!

"ಎಲ್ಲಾ ಬರೀ ಸೋಗು ಇವಳದ್ದು," ಎಂದು ಮೇಲ್ವಿಚಾರಕಿ ಅಕ್ಕ ಒಂದು ದಿನ ಪರೀಕ್ಷೆಗೇ ಇಳಿದಳು. ಕಡಲೆಬೀಜವನ್ನು ನುಣ್ಣಗೆ ಪುಡಿ ಮಾಡಿ ಪಲ್ಯಕ್ಕೆ ಬೆರೆಸಿ ತಂದು, "ಇದರಲ್ಲಿ ಅದಿಲ್ಲ, ತಿನ್ನೇ," ಎಂದು ತಾನೇ ಒಂದು ಚಮಚ ಇವಳ ಬಾಯಿಗಿಟ್ಟಳು. ಇದ್ಯಾವ ಊರಿನ ನ್ಯಾಯ? ಹತ್ತೇ ನಿಮಿಷಕ್ಕೆ ಹೆಂಗಸು ನೆಲಕ್ಕುರುಳಿದಳು. ಆರು ದಿನ ಆಸ್ಪತ್ರೆ. ಗಂಟಲಲ್ಲಿ ಗಂಜಿಯೂ ಇಳಿಯಲಿಲ್ಲ.

ಕೆಲಸಕ್ಕೆ ಮರಳಿದ ದಿನ ಅಕ್ಕ ಇವಳ ಸೊಂಟಕ್ಕೆ ಅಳತೆ ಟೇಪು ಸುತ್ತಿ ಕಣ್ಣರಳಿಸಿದಳು.

"ಅಬ್ಬಾ, ಎರಡಿಂಚು ಕಮ್ಮಿ ಆಗಿದೀಯ! ಯಾವ ಡಯಟ್ಟೇ ಅದು?"

"ನಿಮ್ಮ ಡಬ್ಬೀದೇ ಅಕ್ಕಾ, ಒಂದೇ ಚಮಚ. ಇನ್ನೊಂದು ತಿನ್ನಿಸಿದ್ದಿದ್ರೆ ಅಳತೆ ಕೊಡೋಕೆ ನಾನೇ ಇರ್ತಿರಲಿಲ್ಲ."